ರೂಟರಿಗೆ ತೂತು ತೆಗೆದ ಅತ್ತೆ

ನಮ್ಮ ಅತ್ತೆ ಒಂದು ಜಗತ್ತನ್ನು ಸೃಷ್ಟಿಸಿದ್ದಾಳೆ. ನಗಬೇಡಿ! ಬನಹಟ್ಟಿಯ ಅವಳ ಮನೆಯ ನಡುಮನೆಯಲ್ಲಿ, ಜೋಳದ ಹಿಟ್ಟಿನ ಡಬ್ಬಿಗೂ ಉಪ್ಪಿನಕಾಯಿ ಭರಣಿಗೂ ನಡುವೆ ಅದು ಕೂತಿದೆ, ಸಣ್ಣಗೆ ಗುಂಯ್‌ಗುಡುತ್ತದೆ. ಬೇಕಾದವರು ಹೋಗಿ ನೋಡಬಹುದು, ಮುಟ್ಟುವಂತಿಲ್ಲ. ಅದರೊಳಗೆ ಗುಡ್ಡಗಳಿವೆ, ಹೊಳೆ ಇದೆ, ಕುರಿಗಳಿವೆ. ಹೊತ್ತು ಹುಟ್ಟುತ್ತದೆ, ಮುಳುಗುತ್ತದೆ. ಇಂಥ ಕೆಲಸಕ್ಕೆ ಬ್ರಹ್ಮದೇವರಿಗೆ ಎಷ್ಟು ಕಾಲ ಹಿಡಿಯಿತೋ ತಿಳಿಯದು. ಅತ್ತೆಗೆ ಹದಿನೇಳು ದಿನ ಹಿಡಿಯಿತು. ಅದರಲ್ಲಿ ಹದಿನಾರು ದಿನ ರೂಟರಿಗೇ ಹೋದವು! ಬ್ರಹ್ಮನಿಗೆ ರೂಟರ್ ಇರಲಿಲ್ಲವಾದ್ದರಿಂದ ಅವನ ಕೆಲಸ ಹಗುರವಿತ್ತು ಎಂದು ಅತ್ತೆ ಈಗಲೂ ಹೇಳುತ್ತಾಳೆ.

ಅತ್ತೆ ಎಂದರೆ ನನ್ನ ಅಪ್ಪನ ತಂಗಿ. ಅರವತ್ತು ದಾಟಿದೆ. ಅವಳ ಗಂಡ ಮಾಮಾನದು ಮನೆಯ ಹಿಂದೆಯೇ ನಾಲ್ಕು ಮಗ್ಗಗಳ ಕಾರಖಾನೆ. ಮಗ್ಗ ಮಾಮಾನದಾದರೂ ಸೀರೆಯ ಅಂಚು, ಸೆರಗು ಎಲ್ಲ ಅತ್ತೆಯ ತಲೆಯಿಂದ ಬಂದದ್ದು. ಚೌಕಳಿ ಹಾಳೆಯ ಒಂದೊಂದು ಮನೆಗೂ ಬಣ್ಣ ತುಂಬಿ ಅವಳು ನವಿಲು ಬರೆದರೆ, ಆ ನವಿಲು ಹಾಳೆ ಬಿಟ್ಟು ಹಾರೀತೇನೋ ಎಂದು ನಾನು ಚಿಕ್ಕವನಿದ್ದಾಗ ಕಿಟಕಿ ಮುಚ್ಚುತ್ತಿದ್ದೆ.

ಹೀಗಿರುವಾಗ ಅವಳು ಒಂದು ದಿನ ಮೊಬೈಲಿನಲ್ಲಿ ಹೊಸ ಅಂಚುಗಳನ್ನು ಹುಡುಕುತ್ತ ಹುಡುಕುತ್ತ ದಾರಿ ತಪ್ಪಿ, ಚೌಕಾಕಾರದ ಕಲ್ಲುಗಳನ್ನು ಒಂದರ ಮೇಲೊಂದಿಟ್ಟು ಮನೆ, ಕೋಟೆ ಕಟ್ಟುವ ಕಂಪ್ಯೂಟರ್ ಆಟದ ವಿಡಿಯೋಕ್ಕೆ ಬಂದು ಮುಟ್ಟಿದಳು. ಬೇರೆಯವರಾದರೆ ಮುಂದಕ್ಕೆ ಸರಿಸಿಬಿಡುತ್ತಿದ್ದರು. ಅತ್ತೆ ಕನ್ನಡಕ ಏರಿಸಿ, "ಅಯ್ಯ, ಇದು ನಮ್ಮ ನಕ್ಷಿ ಹಾಳಿನ ಅಲ್ಲೇನ? ಎದ್ದ ನಿಂತೈತಿ ಅಷ್ಟ!" ಎಂದಳು. ಸೀರೆಯ ನಕ್ಷೆ ಇಡಲು ಕೊಂಡಿದ್ದ ಹಳೆಯ ಕಂಪ್ಯೂಟರಿಗೆ ಆ ಆಟ ಬಂತು. ವಾರದೊಳಗೆ ಅದರಲ್ಲಿ ಎರಡಂತಸ್ತಿನ ನವಿಲು ಎದ್ದು ನಿಂತಿತು. ನಾನು ಜಮಖಂಡಿಯ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಹೇಳುವವನು. ನಾನು ಕಟ್ಟಲು ಹೋದ ದನದ ಕೊಟ್ಟಿಗೆಗೆ ಬಾಗಿಲು ಇಡುವುದೇ ಮರೆತಿತ್ತು!

ಒಬ್ಬಳೇ ಆಡುವವರೆಗೆ ಎಲ್ಲವೂ ಚೆನ್ನಾಗಿತ್ತು. ಆದರೆ ಅತ್ತೆಗೆ ತನ್ನ ಅಕ್ಕನೊಂದಿಗೆ ಆಡಬೇಕೆನಿಸಿತು. ಅಕ್ಕ ಎಂದರೆ ನನ್ನ ದೊಡ್ಡತ್ತೆ. ಕೃಷ್ಣೆಯ ದಂಡೆಯ ಗಲಗಲಿಯಲ್ಲಿ ಸೊಸೆಯ ಜೊತೆ ಇರುತ್ತಾಳೆ. ಹೋದ ವರ್ಷ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಗಿವೆ. ಎಡಗೈ ಆಡುತ್ತದೆ. ಸೊಸೆಯ ಹತ್ತಿರ ಒಂದು ಟ್ಯಾಬ್ ಇದೆ. ಅಕ್ಕ ಗಲಗಲಿಯಲ್ಲಿ ಕೂತು ಬನಹಟ್ಟಿಯ ಈ ಜಗತ್ತಿನೊಳಗೆ ಬರಬೇಕು ಎಂದರೆ ನಮ್ಮ ಕಂಪ್ಯೂಟರ್ ಹೊರಗಿನವರಿಗೂ ಬಾಗಿಲು ತೆರೆದು ಕೂರಬೇಕು. ಅದಕ್ಕೇ ಸರ್ವರ್ ಎನ್ನುತ್ತಾರೆ.

"ಅದು ಬಾಡಗಿಗಿ ಸಿಗ್ತೈತಿ ಅತ್ತಿ. ಮನ್ಯಾಗ ಮಾಡೂದು ಭಾಳ ತ್ರಾಸು," ಎಂದೆ ನಾನು ಫೋನಿನಲ್ಲಿ.

"ಮಗ್ಗಾ ಮನ್ಯಾಗ ಇಟ್ಟಕೊಂಡು ಸೀರಿ ಬಾಡಗಿ ತರೂ ಪೈಕಿ ಅಲ್ಲ ನಾ. ಅದೆಲ್ಲಾ ಬಿಡು. ರೂಟರಕ ತೂತು ಎಲ್ಲೆ ತಗೀತಾರ, ಅದಷ್ಟ ಹೇಳು."

ನಾನು ಪಾಠ ಅರ್ಧಕ್ಕೇ ಬಿಟ್ಟು ಬನಹಟ್ಟಿಗೆ ಓಡಿದೆ. ಹೋಗಿ ನೋಡಿದರೆ ಮಾಮಾ ಡ್ರಿಲ್ ಮಷೀನನ್ನು ಧೋತರದ ಮಡಿಲಲ್ಲಿ ಮುಚ್ಚಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದ. "ಮುಂಜಾನಿಂದ ಹಿಂಗ ಕುಂತೇನಿ. ಅಕಿ ತೂತು ತೂತು ಅನ್ನಾಕತ್ತಾಳ. ಚಾ ಸೈತ ಕುಡದಿಲ್ಲೋ ತಮ್ಮಾ!" ಎಂದ. ಪಾಪ, ಅತ್ತೆ ಹೇಳುತ್ತಿದ್ದ ತೂತು ರೂಟರಿನ ಸೆಟ್ಟಿಂಗಿನದು ಎಂದು ಅವನಿಗೇನು ಗೊತ್ತು? ನಿಜ ಹೇಳಬೇಕೆಂದರೆ ನನಗೂ ಆಗಲೇ ಗೊತ್ತಾದದ್ದು.

ರೂಟರಿನ ಸೆಟ್ಟಿಂಗಿನೊಳಗೆ ಹೋಗಲು ಪಾಸ್‌ವರ್ಡ್ ಬೇಕು. ಅದು ರೂಟರಿನ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿರುತ್ತದೆ. ಆದರೆ ನಮ್ಮಲ್ಲಿ ಖಂಡೇನವಮಿ ಎಂಬ ಹಬ್ಬವಿದೆಯಲ್ಲ! ಮಗ್ಗಕ್ಕೆ, ಮೋಟರಿಗೆ, ತಕ್ಕಡಿಗೆ ಪೂಜೆ ಮಾಡಿದ ಮಾಮಾ ರೂಟರನ್ನೂ ಬಿಟ್ಟಿರಲಿಲ್ಲ. ಬೆನ್ನ ತುಂಬ ವಿಭೂತಿ, ಅರಿಷಿಣ, ಕುಂಕುಮ. ಅತ್ತೆ ಒದ್ದೆ ಅರಿವೆಯಿಂದ ಒರೆಸಿದಳು. ವಿಭೂತಿಯ ಜೊತೆ ಅರ್ಧ ಅಕ್ಷರಗಳೂ ಕೈಲಾಸ ಸೇರಿದವು. ನಾನು "ಮುಗೀತು" ಎಂದೆ. ಅವಳು ಸೀರೆಯ ಎಳೆ ಎಣಿಸುವ ಸಣ್ಣ ಭೂತಗನ್ನಡಿ ತಂದು, ಒಂದು ಕಣ್ಣು ಮುಚ್ಚಿ, ಅಳಿದುಹೋದ ಅಕ್ಷರಗಳ ಗುರುತನ್ನು ಒಂದೊಂದಾಗಿ ಹೇಳತೊಡಗಿದಳು. ಒಂದು ಕಡೆ ಅದು ಸೊನ್ನೆಯೋ ಇಂಗ್ಲಿಷಿನ 'ಓ'ನೋ ಎಂದು ತಕರಾರು ಎದ್ದಿತು.

"ಸೊನ್ನಿ," ಎಂದಳು ಅತ್ತೆ. "ನಡಾ ಸಣ್ಣ ಐತಿ."

ನಡು ಸಣ್ಣಗಿದ್ದದ್ದು ಸೊನ್ನೆಯೇ! ಬಾಗಿಲು ತೆರೆಯಿತು.

ಒಳಗೆ ಹೋದರೆ ನೂರೆಂಟು ಇಂಗ್ಲಿಷ್ ಹೆಸರುಗಳು. ನಾನು ಗುರುವಿನ ಗತ್ತಿನಲ್ಲಿ ಗಂಟಲು ಸರಿಮಾಡಿಕೊಂಡು, "ನೋಡತ್ತಿ, ಪೋರ್ಟ್ ಅಂದ್ರ…" ಎಂದು ಶುರು ಮಾಡಿ, ಕಾಲು ಗಂಟೆ ಹೇಳಿ, ನನಗೇ ಅರ್ಥವಾಗದೆ ನಿಲ್ಲಿಸಿದೆ. ಅತ್ತೆ ಎದ್ದು ಮಗ್ಗದ ಮೇಲಿನಿಂದ ಹಳೆಯ ರಟ್ಟಿನ ಪಟ್ಟಿಯೊಂದನ್ನು ತಂದಳು. ಅಂಚಿನ ಚಿತ್ತಾರ ಮೂಡಿಸಲು ಮಗ್ಗಕ್ಕೆ ಹಾಕುವ, ತೂತು ತೂತು ಹೊಡೆದ ಪಟ್ಟಿ ಅದು.

"ಇಲ್ಲೆ ತೂತು ಇದ್ದಲ್ಲೆ ಅಷ್ಟ ಎಳಿ ಮ್ಯಾಲ ಏಳತೈತಿ, ಹೌದಿಲ್ಲೊ? ಉಳಿದದ್ದು ಸುಮ್ಮ ಕುಂದರತೈತಿ. ರೂಟರ ಅಂದ್ರ ಗ್ವಾಡಿ. ಅದಕ ನಾವು ಒಂದ ತೂತು ತಗೀಬೇಕು. ಆ ತೂತಿಲೆ ಯಾರ ಬಂದ್ರೂ ಸೀದಾ ಈ ಕಂಪ್ಯೂಟರಿಗೇ ಹೋಗಬೇಕು, ಮತ್ತೆಲ್ಲೂ ಅಲ್ಲ. ಇಷ್ಟ ಅಲ್ಲೇನ ನಿನ್ನ ಪೋರ್ಟು?"

ಇಷ್ಟೇ. ಹನ್ನೆರಡು ವರ್ಷದಿಂದ ನಾನು ಮಕ್ಕಳಿಗೆ ಹೇಳುತ್ತಿರುವುದು ಇದನ್ನೇ, ಆದರೆ ಇಷ್ಟು ಚೆಂದಾಗಿ ಒಮ್ಮೆಯೂ ಹೇಳಿರಲಿಲ್ಲ. ಮರುದಿನ ಕ್ಲಾಸಿಗೆ ಹೋಗುವಾಗ ಆ ರಟ್ಟಿನ ಪಟ್ಟಿಯನ್ನು ಕೈಯಲ್ಲೇ ಹಿಡಿದುಕೊಂಡು ಹೋದೆ. ಇಡೀ ವರ್ಷದಲ್ಲಿ ಮೊದಲ ಸಲ ಹಿಂದಿನ ಬೆಂಚು ತಲೆ ಎತ್ತಿತು!

ತೂತೇನೋ ಆಯಿತು. ಅಕ್ಕ ಬರಲಿಲ್ಲ. ಯಾಕೆ ಬರಲಿಲ್ಲ? ಅತ್ತೆ ಎರಡು ದಿನ ಕೂತು ಕಂಡುಹಿಡಿದಳು. ನಡುವೆ ಒಮ್ಮೆ ಕರೆಂಟ್ ಹೋಗಿ ಬಂದಿತ್ತು. ರೂಟರ್ ಎದ್ದ ಕೂಡಲೇ ಮನೆಯ ಎಲ್ಲ ಸಾಮಾನುಗಳಿಗೆ ಹೊಸದಾಗಿ ನಂಬರ್ ಹಂಚಿತ್ತು. ಕಂಪ್ಯೂಟರಿನ ನಂಬರು ಹೋಗಿ ಮಾಮಾನ ಟೀವಿಯ ಪಾಲಾಗಿತ್ತು!

"ರೀ, ನಮ್ಮಕ್ಕಾ ಎರಡ ದಿನದಿಂದ ನಿಮ್ಮ ಟೀವಿ ಬಾಗಲಾ ಬಡ್ಯಾಕತ್ತಾಳ. ನೀವು ಆರಾಮ ಕುಸ್ತಿ ನೋಡಾಕತ್ತೀರಿ!"

ಮಾಮಾ ಗಾಬರಿಯಾಗಿ ಎದ್ದು ಟೀವಿಯ ಹಿಂದೆ ಬಗ್ಗಿ ನೋಡಿದ. ಅಕ್ಕ ಅಲ್ಲಿರಲಿಲ್ಲ. ಕಂಪ್ಯೂಟರಿಗೆ ಒಂದು ನಂಬರನ್ನು ಕಾಯಂ ಮಾಡಿ ಅತ್ತೆ ಆ ವ್ಯಾಜ್ಯ ಮುಗಿಸಿದಳು.

ಆದರೂ ಅಕ್ಕ ಬರಲಿಲ್ಲ. ಇನ್ನೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ಇನ್ನೊಬ್ಬರೇನು, ನಾನು ಬಿಟ್ಟೇಬಿಟ್ಟೆ. ಅತ್ತೆ ಮಾತ್ರ ಬೆಳಗಾದರೆ ಸ್ನಾನ, ಪೂಜೆ, ರೂಟರ್. ಕೊನೆಗೆ ಒಂದು ದಿನ ಅವಳ ಫೋನ್ ಬಂತು. "ತಮ್ಮಾ, ನಮ್ಮ ರೂಟರ ತನ್ನ ವಿಳಾಸಾ ಒಂದ ಹೇಳತೈತಿ. ಹೊರಗಿನವರನ್ನ ಕೇಳಿದ್ರ ನಮ್ಮ ವಿಳಾಸಾ ಬ್ಯಾರೇನ ಹೇಳ್ತಾರ. ನಡುವ ಯಾವನೋ ಕುಂತಾನ!"

ಅವಳು ಹೇಳಿದ್ದು ನೂರಕ್ಕೆ ನೂರು ಖರೆ. ಇಂಟರ್ನೆಟ್ ಕೊಡುವವರು ಎಷ್ಟೋ ಮನೆಗಳಿಗೆ ಸೇರಿ ಹೊರಗೆ ಒಂದೇ ವಿಳಾಸ ಇಟ್ಟಿರುತ್ತಾರೆ. ಹೊರಗಿನಿಂದ ಬಂದವರಿಗೆ ನಮ್ಮ ಮನೆ ಯಾವುದು ಎಂದು ತಿಳಿಯುವುದೇ ಇಲ್ಲ. ಇದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಎರಡು ನಂಬರುಗಳನ್ನು ಪಕ್ಕಪಕ್ಕ ಬರೆದಿಟ್ಟು, ತಪ್ಪಿದ ಎಳೆ ಹುಡುಕಿದಂತೆ ಹುಡುಕಿದ್ದಳು!

ಇಂಟರ್ನೆಟ್ ಆಫೀಸಿಗೆ ನಾನೂ ಹೋದೆ. ಅಲ್ಲಿದ್ದ ತರುಣ ಬಹಳ ಮರ್ಯಾದಸ್ಥ. "ಎಲ್ಲಾರಿಗೂ ಹಿಂಗ ಇರತೈತ್ರಿ ಅವ್ವಾರ. ಯಾರೂ ಕೇಳಾಂಗಿಲ್ಲ," ಎಂದ.

"ಯಾರೂ ಕೇಳಿಲ್ಲಂದ್ರ ನಾ ಕೇಳಬಾರದೇನ ತಮ್ಮಾ? ಇಡೀ ಓಣಿಗಿ ಒಂದ ಮನಿ ನಂಬರ್ ಕೊಟ್ರ ಟಪಾಲಿನಾಂವ ಎಲ್ಲೆ ಹೋಗಬೇಕು?"

"ನಿಮಗದು ಯಾತಕ್ಕ ಬೇಕ್ರಿ? ಆಫೀಸ ಏನರೆ ತಗದೀರೇನು?"

"ಆಟಾ ಆಡಾಕ."

ತರುಣ ನನ್ನ ಮುಖ ನೋಡಿದ. ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ. ಸಾಹೇಬರು ಊಟಕ್ಕೆ ಹೋಗಿದ್ದಾರೆ ಎಂದು ಅವನು ಹೇಳಿದ್ದೇ ತಡ, ಅತ್ತೆ ಬೆಂಚಿನ ಮೇಲೆ ಬುತ್ತಿ ಬಿಚ್ಚಿದಳು. ರೊಟ್ಟಿ, ಝುಣಕ, ಕೆಂಪು ಚಟ್ನಿ. ತರುಣನಿಗೂ ಬಡಿಸಿದಳು, ವೈರ್ ಎಳೆಯುವವರಿಗೂ ಬಡಿಸಿದಳು. ಸಾಹೇಬರು ಊಟ ಮುಗಿಸಿ ಬಂದಾಗ ಅವರ ಆಫೀಸಿನ ಅಷ್ಟೂ ಮಂದಿ ಅತ್ತೆಯ ಪಕ್ಷದಲ್ಲಿದ್ದರು. ಸಂಜೆಗೆ ಅತ್ತೆಗೆ ಸ್ವಂತ ವಿಳಾಸ ಸಿಕ್ಕಿತು.

ಮರುದಿನ ಗಲಗಲಿಯ ಸೊಸೆಯ ಟ್ಯಾಬಿನಿಂದ ದೊಡ್ಡತ್ತೆ ಬಂದೇಬಿಟ್ಟಳು. ಪರದೆಯ ಮೇಲೆ, ಹೊಳೆಯ ದಂಡೆಯಲ್ಲಿ, ಚೌಕ ತಲೆಯ ಒಂದು ಗೊಂಬೆ ಪಟ್ಟನೆ ಮೂಡಿ ನಿಂತಿತು. ಮಾಮಾ ಕೈಮುಗಿದ!

ಬಂದಳು, ಆದರೆ ಏನೂ ಮಾಡಲಿಲ್ಲ. ಸುಮ್ಮನೆ ನಿಂತಳು. ಇಲ್ಲಿ ನಾನು ಒಂದು ಮಾತು ಹೇಳಬೇಕು. ಲಕ್ವಾ ಹೊಡೆದ ಮೇಲೆ ದೊಡ್ಡತ್ತೆಯ ಮಾತು ತೊದಲುತ್ತಿತ್ತು. ಒಮ್ಮೆ ನೋಡಲು ಬಂದವರೊಬ್ಬರು ಆ ತೊದಲು ಕೇಳಿ ಮುಖ ತಿರುಗಿಸಿ ನಕ್ಕರಂತೆ. ಅಂದಿನಿಂದ ದೊಡ್ಡತ್ತೆ ಮಾತೇ ಬಿಟ್ಟಳು. ಆಡದೆ ಬಿಟ್ಟರೆ ಇದ್ದ ಮಾತೂ ಹೋಗುತ್ತದೆ ಎಂದು ಡಾಕ್ಟರು ಹೇಳಿದರು. ಸೊಸೆ ಅತ್ತು ಬೇಡಿಕೊಂಡಳು. ಐದು ತಿಂಗಳಾದರೂ ದೊಡ್ಡತ್ತೆಯ ಬಾಯಿಂದ ಒಂದು ಶಬ್ದ ಹೊರಟಿರಲಿಲ್ಲ.

ಅತ್ತೆ ಏನೂ ಕೇಳಲಿಲ್ಲ. ದಿನಾ ಮಧ್ಯಾಹ್ನ ಫೋನಿನ ಸ್ಪೀಕರ್ ಹಾಕಿ, ತಾನೇ ಮಾತಾಡುತ್ತ, ಅಕ್ಕನ ಗೊಂಬೆಯ ಎದುರಿಗೆ ಒಂದು ಮನೆ ಕಟ್ಟತೊಡಗಿದಳು. ಅದು ಅವರಿಬ್ಬರ ತವರುಮನೆ. ಗಲಗಲಿಯಿಂದ ಆಚೆ ಹೊಳೆದಂಡೆಯಲ್ಲಿದ್ದದ್ದು. ಆಣೆಕಟ್ಟಿನ ಹಿನ್ನೀರು ಬಂದಾಗ ಊರಿನ ಜೊತೆ ಅದೂ ಹೋಯಿತು. ನನ್ನ ಅಪ್ಪ ಹುಟ್ಟಿದ ಮನೆಯಾದರೂ ನಾನು ಅದನ್ನು ಕಂಡವನಲ್ಲ. ಕಟ್ಟೆ ಬಂತು, ಪಡಸಾಲೆ ಬಂತು, ತೊಲೆ ಕಂಬ ಬಂದವು. ಎಂಟು ದಿನ ಅಕ್ಕನ ಗೊಂಬೆ ಅಂಗಳದಲ್ಲಿ ನಿಂತಲ್ಲೇ ನಿಂತು ನೋಡಿತು.

ಒಂಬತ್ತನೆಯ ದಿನ ಭಾನುವಾರ. ನಾನು ಅಲ್ಲೇ ಇದ್ದೆ. ಅತ್ತೆ ಅಡುಗೆಮನೆಯ ಹಿಂದೆ ಬಾವಿ ತೋಡಿದಳು. ಅಕ್ಕನ ಗೊಂಬೆ ಮೆಲ್ಲಗೆ ತಿರುಗಿತು. ಬಾವಿಯ ತನಕ ಬಂತು. ಸುತ್ತು ಹಾಕಿತು. ಫೋನಿನಲ್ಲಿ ಉಸಿರು ಜೋರಾಯಿತು.

"ಬಾಂ… ಬಾಂವಿ."

ಅತ್ತೆಯ ಕೈ ನಿಂತಿತು.

"ಬಾಂವಿ… ಇಲ್ಲೆ… ಅಲ್ಲ."

ಗಲಗಲಿಯಲ್ಲಿ ಸೊಸೆ "ಅತ್ತೀ!" ಎಂದು ಕೂಗಿದ್ದು ಕೇಳಿಸಿತು. ನಮ್ಮ ಅತ್ತೆಯ ಕಣ್ಣಿಂದ ನೀರು ಇಳಿಯುತ್ತಿತ್ತು. ಆದರೆ ದನಿ ಮಾತ್ರ ಕಲ್ಲು! "ಏನ ಹೇಳ್ತೀ ಅಕ್ಕಾ? ಬಾಂವಿ ಇಲ್ಲೇ ಇತ್ತು. ನಿನಗ ನೆಪ್ಪಿಲ್ಲ ಬಿಡು."

ಕಾಯಿಲೆಯವರ ಜೊತೆ ಹೀಗೆ ವಾದ ಮಾಡುವುದೇ? ನಾನು ಅವಳ ಕೈ ಹಿಡಿಯಲು ಹೋದೆ. ಅಷ್ಟರಲ್ಲಿ ಫೋನು ಗುಡುಗಿತು:

"ಹುಚ್ಚಿ! ಬೇ… ಬೇವಿನ… ಗಿಡದ… ಕೆಳಗ!"

ಆಮೇಲೆ ಅರ್ಧ ಗಂಟೆ ಅಕ್ಕತಂಗಿಯರು ಆ ಬಾವಿಗಾಗಿ ಜಗಳವಾಡಿದರು. ಒಬ್ಬಳು ತೊದಲುತ್ತ, ಒಬ್ಬಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. ಮಾಮಾ ಮಗ್ಗ ನಿಲ್ಲಿಸಿ ಬಂದು ಬಾಗಿಲಲ್ಲಿ ನಿಂತುಬಿಟ್ಟಿದ್ದ. ಬಾವಿ ಬೇವಿನ ಗಿಡದ ಕೆಳಗೆ ಹೋದ ಮೇಲೆಯೇ ಫೋನು ಇಟ್ಟದ್ದು.

"ಅತ್ತಿ, ಖರೆ ಎಲ್ಲಿತ್ತು ಬಾವಿ?" ಎಂದು ಕೇಳಿದೆ.

"ಬೇವಿನ ಗಿಡದ ಕೆಳಗನ. ನನಗ ಗೊತ್ತಿಲ್ಲೇನ? ಮದವಿ ಆಗೂಮಟಾ ಆ ಬಾಂವಿ ನೀರ ಸೇದೇನಿ." ಅವಳು ಮೂಗು ಒರೆಸಿಕೊಂಡಳು. "ನಮ್ಮಕ್ಕಾ ಹಸಿವಿ ತಡಕೊಂಡಾಳು, ನೋವು ತಡಕೊಂಡಾಳು. ನಾ ತಪ್ಪು ಮಾಡಿದ್ರ ಮಾತ್ರ ಹುಟ್ಟಿದಾಗಿಂದ ತಡಕೊಂಡಿಲ್ಲ."

ಅತ್ತೆ ಕನ್ನಡಕ ಒರೆಸಿ ಹಾಕಿಕೊಂಡು ಮತ್ತೆ ಪರದೆಯ ಕಡೆ ತಿರುಗಿ, ಮನೆಯನ್ನು ಒಂದು ಸುತ್ತು ನೋಡಿದಳು.

"ನಾಳಿಗಿ ದೇವರಮನಿ ಬಾಗಲಾ ತೆಂಕಣಕ ಇಡತೇನಿ," ಎಂದಳು. "ಅದಕ ಭಾಳ ಬೈತಾಳ."