ಮದುಮಗನ ಏಸಿಗೆ ನಾನು ಅರ್ಥಿಂಗ್ ಮಾಡಿದ್ದು

ವಿದ್ಯುತ್ತಿನ ವಿಷಯದಲ್ಲಿ ನನ್ನನ್ನು ಮೀರಿಸುವವರು ನಮ್ಮ ಕಡಲ ದಂಡೆಯ ಊರು ಬೆಳಂಬಾರದಲ್ಲಿ ಯಾರೂ ಇಲ್ಲವೆಂದು ನಾನು ಬಹಳ ವರ್ಷ ನಂಬಿಕೊಂಡಿದ್ದೆ. ಹೈಸ್ಕೂಲಿನಲ್ಲಿ ಹತ್ತೊಂಬತ್ತು ವರ್ಷ ವಿಜ್ಞಾನ ಕಲಿಸಿದವನು ನಾನು. ಕಪ್ಪು ಹಲಗೆಯ ಮೇಲೆ ನಾನು ಬರೆದ ಸರ್ಕ್ಯೂಟುಗಳಲ್ಲಿ ಒಂದೇ ಒಂದು ದಿನ ಫ್ಯೂಸು ಹೋದದ್ದಿಲ್ಲ!

ಮೊಬೈಲು ಆಗಷ್ಟೇ ಕೇರಿಗೆ ಕಾಲಿಟ್ಟಿದ್ದ ವರ್ಷ. ಮೇ ತಿಂಗಳಲ್ಲಿ ಕಾರವಾರದಲ್ಲಿದ್ದ ನನ್ನ ಭಾವನಿಗೆ ವರ್ಗವಾಯಿತು. ಹೋಗುವಾಗ ಅವನು ತನ್ನ ಹಳೆಯ ಏಸಿಯನ್ನು ನಮಗೆ ದಯಪಾಲಿಸಿದ. ಕಿಟಕಿಯಲ್ಲಿ ಕೂರಿಸುವ ದೊಡ್ಡ ಪೆಟ್ಟಿಗೆ ಅದು. ಮೀನಿನ ಟೆಂಪೋದಲ್ಲಿ ಬಂದದ್ದರಿಂದ ಬಂಗುಡೆಯ ಪರಿಮಳವನ್ನೂ ಜೊತೆಗೆ ತಂದಿತ್ತು.

ಅದರ ಮುಂದಿನ ಭಾನುವಾರವೇ ಪಕ್ಕದ ಮನೆಯ ನಾಗಮ್ಮನ ಮಗಳು ಲತಾಳ ಮದುವೆ. ನಾಗಮ್ಮ ಬುಟ್ಟಿ ಹೊತ್ತು ಮೀನು ಮಾರಿ, ಇದ್ದೊಬ್ಬ ಮಗಳನ್ನು ಬೆಳೆಸಿದವಳು. ಗಂಡಿನ ಕಡೆಯವರು ಇಳಿದುಕೊಳ್ಳಲು ನಮ್ಮ ಕೋಣೆಯನ್ನು ಕೇಳಿದ್ದಳು.

"ನಾಗಮ್ಮಾ, ನಿನ್ನ ಅಳಿಯನಿಗೆ ಏಸಿ ಕೋಣೆ!" ಎಂದು ಬೇಲಿಯ ಮೇಲಿಂದಲೇ ಘೋಷಿಸಿದೆ.

"ಏಸಿ ಎಲ್ಲ ಎಂತಕ್ಕೆ ಮಾಸ್ತರ್ರೆ? ನಿಮ್ ಬಾವಿ ನೀರೊಂದು ಕೊಟ್ರೆ ಸಾಕು," ಅಂದಳು ಅವಳು.

ಅವಳ ಮಾತು ಸುಳ್ಳಲ್ಲ. ಮೇ ತಿಂಗಳಲ್ಲಿ ನಮ್ಮ ಕೇರಿಯ ಬಾವಿಗಳೆಲ್ಲ ಸಮುದ್ರದ ಉಪ್ಪು ನುಗ್ಗಿ ಸವಳಾಗುತ್ತವೆ. ಸಿಹಿನೀರು ಉಳಿಯುವುದು ನಮ್ಮ ಬಾವಿಯಲ್ಲಿ ಮಾತ್ರ, ಅದೂ ಮೊಣಕಾಲುದ್ದ. ಮುನ್ನೂರು ಜನರ ಮದುವೆ ಅಡುಗೆ ಆ ನೀರಿನಿಂದಲೇ ಆಗಬೇಕಿತ್ತು.

ಮದುವೆಗೆ ಆರು ದಿನ ಮೊದಲು, ಸೋಮವಾರ, ಏಸಿಯನ್ನು ಕಿಟಕಿಯಲ್ಲಿ ಕೂರಿಸಿ, ಮಿಕ್ಸಿಯ ಪ್ಲಗ್ಗಿಗೆ ಸಿಕ್ಕಿಸಿ ಸ್ವಿಚ್ಚು ಒತ್ತಿದೆ. ಒಮ್ಮೆ ಗುರ್ ಎಂದಿತು. ಆಮೇಲೆ ಪ್ಲಗ್ಗಿನಿಂದ ಹೊಗೆ ಬಂತು. ಫ್ಯೂಸು ಹೋಯಿತು. ಅಂಕೋಲೆಯಿಂದ ಇಲೆಕ್ಟ್ರಿಶಿಯನ್ ದಿನಕರನನ್ನು ಕರೆಸಿದೆ. ಒಂದು ಕಾಲದಲ್ಲಿ ನನ್ನ ವಿದ್ಯಾರ್ಥಿ. ವಿಜ್ಞಾನದಲ್ಲಿ ಫೇಲು.

"ಮಿಕ್ಸಿ ಪ್ಲಗ್ಗಿಗೆ ಏಸಿ ಹಾಕೂದಾ ಸರ್? ಮನೆ ಸುಟ್ಟೋಗಿದ್ರೆ?" ಎಂದು ಅವನು ನನಗೇ ಪಾಠ ಶುರುಮಾಡಿದ. "ಮೀಟರಿಂದ ಬೇರೆ ಲೈನ್ ಎಳೀಬೇಕು, ದಪ್ಪ ವಾಯರಿಂದು. ಅದಕ್ಕೇ ಅಂತ ಬೇರೆ ಎಂಸಿಬಿ ಸ್ವಿಚ್ಚು. ಎಲ್ಲಕ್ಕೂ ಮೊದ್ಲು, ಸೋರಿದ ಕರೆಂಟು ನೆಲಕ್ಕೆ ಇಳ್ದೋಗೂಕೆ ಚಲೋ ಅರ್ಥಿಂಗ್ ಆಗ್ಬೇಕು. ಈ ಮನೆಗೆ ಅದೇ ಇಲ್ಲ. ಅದಿಲ್ದೆ ನಾ ಕೈ ಹಾಕೂದಿಲ್ಲ."

"ಹಾಗಾದ್ರೆ ಅದನ್ನೂ ಮಾಡು ಮಾರಾಯಾ."

"ಮದುವೆ ಸೀಜನ್ ಸರ್. ಗುರುವಾರದವರೆಗೆ ಪುರಸತ್ತಿಲ್ಲ."

"ಅರ್ಥಿಂಗ್ ಗುಂಡಿ ನಾ ಮಾಡಿಡ್ತೆ. ನೀ ಬಂದು ಲೈನ್ ಎಳೆ."

ದಿನಕರ ಅನುಮಾನದಿಂದ ನನ್ನ ಮುಖ ನೋಡಿದ. "ಹಸಿ ಇರೋ ಜಾಗ ನೋಡಿ ತೋಡಿ. ಪೈಪು ಇಳಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ ನೀರು ಹಾಕಿ. ಆದ್ರೆ ಒಂದ್ ಮಾತು ಸರ್..."

"ಅರ್ಥಿಂಗ್ ಬಗ್ಗೆ ನಂಗೇ ಹೇಳ್ತ್ಯಾ? ನಿಂಗೆ ಕಲಿಸಿದ್ದು ಯಾರು?"

ಅವನು ಚೀಲ ಎತ್ತಿಕೊಂಡು ಹೋದ.

ಹೆಂಡತಿ ಸುಮತಿ ಅಗಸೂರಿನ ತವರಿಗೆ ಹೋಗಿದ್ದಳು. ಅಡ್ಡಿ ಮಾಡುವವರು ಇರಲಿಲ್ಲ. ನಮ್ಮ ಹಿತ್ತಲಲ್ಲಿ ಮೇ ತಿಂಗಳಲ್ಲೂ ಹಸಿಯಾಗಿರುವ ಜಾಗ ಒಂದೇ, ಬಾವಿಕಟ್ಟೆಯ ಪಕ್ಕ! ಮರಳು ನೆಲ, ತೋಡಲು ಬೆಣ್ಣೆಯಂತೆ ಸುಲಭ. ಉಪ್ಪಿಗೂ ಎಲ್ಲಿಗೂ ಓಡಬೇಕಾಗಿರಲಿಲ್ಲ. ಮಾವಿನ ಮಿಡಿಗೆ, ಒಣಮೀನಿಗೆ ಎಂದು ಸುಮತಿ ಇಡೀ ವರ್ಷಕ್ಕೆ ತರಿಸಿಟ್ಟ ಎರಡು ಚೀಲ ಹರಳುಪ್ಪು ಅಟ್ಟದ ಕೆಳಗೇ ಇತ್ತು. ಒಂದು ಬುಟ್ಟಿ ಸಾಕಿತ್ತೋ ಏನೋ. ಆದರೆ ಮದುಮಗನ ಪ್ರಾಣದ ಪ್ರಶ್ನೆ! ಎರಡೂ ಚೀಲ ಸುರಿದೆ. ಆಮೇಲೆ ಮೂರು ದಿನ, ಊಟ ಚಹಾ ಎಲ್ಲ ಹೋಟೆಲಿನಲ್ಲಿ ಮುಗಿಸಿ, ಬೆಳಿಗ್ಗೆ ಹತ್ತು ಸಂಜೆ ಹತ್ತು ಕೊಡಪಾನ ನೀರನ್ನು ಬಾವಿಯಿಂದಲೇ ಸೇದಿ ಗುಂಡಿಗೆ ಎರೆದೆ.

ಗುರುವಾರ ಬೆಳಿಗ್ಗೆ ಸುಮತಿ ಬಂದಳು, ಚಹಾ ಮಾಡಿದಳು. ಒಂದು ಗುಟುಕು ಕುಡಿದು ನಾನು ಸಿಡುಕಿದೆ. "ತವರಿಗೆ ಹೋಗಿ ಬಂದದ್ದೇ ಸಕ್ಕರೆ ಯಾವ್ದು ಉಪ್ಪು ಯಾವ್ದು ಮರೆತೋಯ್ತಾ?"

ಅವಳೂ ಕುಡಿದು ನೋಡಿ ಥೂ ಎಂದು ಉಗಿದಳು. ಅಷ್ಟರಲ್ಲಿ ಸೊಂಟದ ಮೇಲೆ ಕೊಡಪಾನ ಇಟ್ಟುಕೊಂಡು ನಾಗಮ್ಮ ಬಂದಳು.

"ಅಕ್ಕಾ, ನಿಮ್ ಬಾವಿಗೂ ಸಮುದ್ರ ಬಂತಾ?"

ಸುಮತಿ ಅಟ್ಟದ ಕೆಳಗೆ ಹೋಗಿ ಬಂದಳು. ಕೈಯಲ್ಲಿ ಎರಡು ಖಾಲಿ ಚೀಲ.

"ಉಪ್ಪೆಲ್ಲಿ?"

"ಅರ್ಥಿಂಗಿಗೆ ಹಾಕ್ದೆ."

"ಎಲ್ಲಿ ಮಾಡಿದ್ರಿ ಅರ್ಥಿಂಗು?"

ಬೆರಳು ತೋರಿಸಿದೆ. ತೋರಿಸುತ್ತಿದ್ದಂತೆ ನನಗೂ ಹೊಳೆಯಿತು. ಹತ್ತೊಂಬತ್ತು ವರ್ಷದ ವಿಜ್ಞಾನ ಕಾಲಿನಿಂದ ನೆಲಕ್ಕೆ ಇಳಿದುಹೋಯಿತು.

ನಾಗಮ್ಮ ಬಾವಿಕಟ್ಟೆಯ ಮೇಲೆ ಕುಸಿದು ಕೂತಳು. "ಭಾನುವಾರ ಮುನ್ನೂರು ಜನ ಬರ್ತ್ರು ಮಾಸ್ತರ್ರೆ. ಬೀಗರ ಬಾಯಿಗೆ ಎಂತಾ ನೀರು ಕೊಡ್ಲಿ ನಾನು?" ಎಂದು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಯಲಿಲ್ಲ. ನನಗೆ ನಾಚಿಕೆಯಿಂದ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಹೇಳಿದ ಮಾತಿನಂತೆ ದಿನಕರ ಅಂದೇ ಬಂದ. ಗುಂಡಿ ನೋಡಿದ, ಬಾವಿ ನೋಡಿದ, ನನ್ನನ್ನು ನೋಡಿದ.

"ಅರ್ಥಿಂಗು ಅಗ್ದಿ ಜೋರಾಗ್ಯದೆ ಸರ್. ಏಸಿಗಲ್ಲ, ಬಾವಿಗೆ!"

"ಅವತ್ತು ಎಂತಾ ಹೇಳೂಕೆ ಹೊರಟಿದ್ದೆ ಮಾರಾಯಾ?"

"ಬಾವಿಯಿಂದ ದೂರ ಮಾಡಿ ಅಂತ."

ಮೊದಲು ಗುಂಡಿಯ ಉಪ್ಪು ಮರಳನ್ನೆಲ್ಲ ಬಗೆದು ಸಮುದ್ರದ ದಂಡೆಗೆ ಹೊತ್ತು ಹಾಕಿದೆವು. ಬಾವಿ ಬತ್ತಿಸಲು ಪಂಪು ತಂದರೆ ಹಗಲೆಲ್ಲ ಊರಲ್ಲೇ ಕರೆಂಟಿಲ್ಲ. ಕೊನೆಗೆ ನಾಗಮ್ಮನ ಅಣ್ಣತಮ್ಮಂದಿರು, ದಂಡೆಯಿಂದ ದೊಡ್ಡ ರಂಪಣಿ ಬಲೆ ಎಳೆಯುವವರು, ಹಗ್ಗಕ್ಕೆ ಕೈ ಹಾಕಿದರು. ಕೊಡಪಾನ ತುಂಬಿಸಿಕೊಡಲು ಬಾವಿಯೊಳಗೆ ಯಾರು ಇಳಿಯಬೇಕೆಂಬ ಬಗ್ಗೆ ಚರ್ಚೆಯೇ ನಡೆಯಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿ ನನ್ನನ್ನು ಇಳಿಸಿದರು! ಮೂರು ದಿನದಲ್ಲಿ ಐದು ಸಲ ಬತ್ತಿಸಿದೆವು. ಪ್ರತಿ ಸಲ ತಳದ ಊಟೆಯಿಂದ ಒಸರಿದ ಹೊಸ ನೀರಿನ ರುಚಿ ನೋಡುವ ಕೆಲಸವೂ ನನ್ನದೇ.

ಶನಿವಾರ ಸಂಜೆ ನಾಗಮ್ಮ ತಾನೇ ಬೊಗಸೆಯಲ್ಲಿ ಕುಡಿದು ನೋಡಿದಳು. "ಸಿಹಿ ಬಂತು!" ಎಂದು ಕೂಗಿದಳು. ನನಗೆ ಅಳುವೇ ಬಂತು. ಅಷ್ಟರಲ್ಲಿ ದಿನಕರ ಮನೆಯ ಆಚೆ ಬದಿಗೆ ಹೊಸ ಗುಂಡಿ ತೋಡಿ, ಬೇರೆ ಲೈನು ಎಳೆದು ಏಸಿ ಓಡಿಸಿದ್ದ. ಮರುದಿನ ಮದುಮಗ ಒಳಗೆ ಹತ್ತು ನಿಮಿಷ ಕೂತು, "ಚಳಿ ಆಗ್ತದೆ, ಮೀನಿನ ವಾಸನೆ ಬೇರೆ," ಎಂದು ಜಗಲಿಗೆ ಬಂದು ಕೂತ.

ಮದುವೆ ಸಾಂಗವಾಯಿತು. ಊಟಕ್ಕೆ ಕೂತರೆ ಸಾರು ಸಪ್ಪೆ, ಹುಳಿ ಸಪ್ಪೆ, ಪಲ್ಯವೂ ಸಪ್ಪೆ. ಬಾವಿಯ ಕತೆ ಕೇಳಿದ್ದ ಅಡುಗೆ ಭಟ್ಟರು, ನೀರಿನಲ್ಲೇ ಇರಬಹುದೆಂದು ಯಾವುದಕ್ಕೂ ಉಪ್ಪೇ ಹಾಕಿರಲಿಲ್ಲ! ನಾಗಮ್ಮ ಉಪ್ಪಿನ ಬಟ್ಟಲನ್ನು ನೇರವಾಗಿ ನನ್ನ ಕೈಗೆ ತಂದುಕೊಟ್ಟಳು.

"ನೀವೇ ಬಡಿಸಿ ಮಾಸ್ತರ್ರೆ. ನಿಮ್ದು ದೊಡ್ಡ ಕೈ."

ಮುನ್ನೂರು ಎಲೆಗೂ ಬಗ್ಗಿ ಬಗ್ಗಿ ಬಡಿಸಿದೆ. ನಾನು ಎದುರಿಗೆ ಬಂದು ನಿಂತ ಕೂಡಲೇ ಒಬ್ಬೊಬ್ಬರೂ ಎಡಗೈಯಿಂದ ತಮ್ಮ ನೀರಿನ ಲೋಟವನ್ನು ಮುಚ್ಚಿಕೊಳ್ಳುತ್ತಿದ್ದರು!