ಸಿಡಿಲಕ್ಕನ ಪರವಾಗಿ ಒಬ್ಬ ದಂತವೈದ್ಯ

ಹಲ್ಲಿನ ಡಾಕ್ಟರಿಗೆ ಶನಿವಾರ ಸಂಜೆಯಿಂದ ತಲೆ ಕೆಟ್ಟಿತ್ತು. ಕಾರಣ ಸಂಸಾರದ್ದಲ್ಲ, ಕಸುಬಿನದ್ದೂ ಅಲ್ಲ. ಅವರು ಒಂದು ಕಂತೂ ಬಿಡದೆ ನೋಡುತ್ತಿದ್ದ ಅತಿಮಾನುಷ ವೀರರ ಧಾರಾವಾಹಿಯಲ್ಲಿ ಸಿಡಿಲಕ್ಕ ಎಂಬ ವೀರನಾರಿ, ಜಾಮ್ ಬಾಟಲಿಯ ಮುಚ್ಚಳ ತಿರುಗಿಸಲಾಗದೆ, ಉಲ್ಕಾವೀರನನ್ನು ಕೂಗಿ ಕರೆದಿದ್ದಳು.

"ಸೇತುವೆ ಕುಸಿದಾಗ ಒಂದೊಂದು ಕೈಯಲ್ಲಿ ಒಂದೊಂದು ಬಸ್ಸು ಹಿಡಿದು ನಿಂತಿದ್ದವಳು ಕಣೇ ಇವಳು" ಎಂದು ಡಾಕ್ಟರು ಹೆಂಡತಿಯ ಮುಂದೆ ಗೋಳಾಡಿದರು. ಹೆಂಡತಿ ಆ ಹೊತ್ತಿಗೆ ಬಟ್ಟೆಯ ಬೀರುವನ್ನು ಒಬ್ಬಳೇ ಗೋಡೆಯಿಂದ ಗೋಡೆಗೆ ನೂಕುತ್ತಿದ್ದಳು. ಅವಳ ಕಷ್ಟ ಏನೇ ಇರಲಿ, ನೀವು ಬಂದು ಇದರ ಆ ಕಡೆ ಹಿಡೀರಿ ಅಂದಳು. ಡಾಕ್ಟರು ಹಿಡಿದರು. ಹಿಡಿದುಕೊಂಡೇ ಪಾತ್ರಪೋಷಣೆಯ ಬಗ್ಗೆ ಉಪನ್ಯಾಸ ಮುಂದುವರಿಸಿದರು. ಬೀರು ಬಾಗಿಲಿಗೆ ಅಡ್ಡವಾಗಿ ನಿಂತಿತು. ಜೊತೆಯಲ್ಲೇ ಇದ್ದ ಅತ್ತೆಯವರಿಗೆ ಮಾತ್ರ ಧಾರಾವಾಹಿಯ ಬಗ್ಗೆ ಯಾವ ದೂರೂ ಇರಲಿಲ್ಲ. ಉಲ್ಕಾವೀರನ ತಲೆಗೂದಲು ಎಷ್ಟು ಎತ್ತರದಿಂದ ಬಿದ್ದರೂ ಕೆದರುವುದಿಲ್ಲ, ಅದೊಂದು ಸಾಕಾಗಿತ್ತು ಅವರಿಗೆ.

ಮನೆಯಲ್ಲಿ ಕೇಳುವವರಿಲ್ಲದಿದ್ದರೇನು, ಕ್ಲಿನಿಕ್ ಇತ್ತಲ್ಲ. ಜಗತ್ತಿನ ಯಾವ ವಾಗ್ಮಿಗೂ ಇಲ್ಲದ ಭಾಗ್ಯ ಹಲ್ಲಿನ ಡಾಕ್ಟರಿಗಿದೆ. ಅವರ ಸಭಿಕರು ಬಾಯಿ ಬಿಟ್ಟುಕೊಂಡೇ ಕೇಳುತ್ತಾರೆ, ಎದ್ದು ಹೋಗುವುದಿಲ್ಲ, ತಿರುಗಿ ಒಂದು ಮಾತಾಡುವುದಿಲ್ಲ. (ಹಲ್ಲು ಕಚ್ಚಿ ಸಹಿಸೋಣವೆಂದರೆ ಅದಕ್ಕೂ ಅವಕಾಶವಿಲ್ಲ.) ಆದರೆ ಬಂದವರು ಮತ್ತೆ ಬರುವುದು ಕಡಿಮೆಯಾಗುತ್ತಿತ್ತು. ಹೊರಗೆ ಕೂತು ಹೆಸರು ಬರೆದುಕೊಳ್ಳುವುದರಿಂದ ಹಿಡಿದು ಉಪಕರಣ ಕುದಿಸುವವರೆಗೆ ಎಲ್ಲವನ್ನೂ ನೋಡಿಕೊಳ್ಳುತ್ತಿದ್ದ ಹೆಂಡತಿಗೆ ಅದು ಕಾಣುತ್ತಿತ್ತು. ಪಕ್ಕದ ಬೀದಿಯಲ್ಲಿ ಹೊಸ ಕ್ಲಿನಿಕ್ ತೆರೆದಿದೆ, ಅಲ್ಲಿನ ಡಾಕ್ಟರು ಮೂಕರಂತೆ, ಜನ ಅಲ್ಲಿಗೇ ಹೋಗುತ್ತಿದ್ದಾರೆ ಎಂದು ಅವಳು ಎಚ್ಚರಿಸಿದ್ದಳು. ಪಾಪ, ಅವರಿಗೆ ಮಾತೇ ಬರುವುದಿಲ್ಲವೇ ಎಂದು ಡಾಕ್ಟರು ಮರುಗಿದ್ದರು.

ಸೋಮವಾರ ಕೆನ್ನೆ ಊದಿಸಿಕೊಂಡ ಹೆಂಗಸೊಬ್ಬಳು ಬಂದಳು. ಡಾಕ್ಟರು ಹುಳುಕನ್ನು ಕೊರೆಯಲು ಶುರುಮಾಡಿದರು, ಜೊತೆಗೆ ಅವಳ ತಲೆಯನ್ನೂ. ಸೇತುವೆಯಾಯಿತು, ಬಸ್ಸಾಯಿತು, ಜಾಮ್ ಬಾಟಲಿಯೂ ಆಯಿತು. ಅವಳು "ಆಂ", "ಊಂ" ಎಂದು ಏನೋ ಹೇಳಲು ಒದ್ದಾಡಿದಳು. ಅದನ್ನು ಸಮ್ಮತಿ ಎಂದುಕೊಂಡ ಡಾಕ್ಟರಿಗೆ ಇನ್ನಷ್ಟು ಹುರುಪು ಬಂತು.

"ಅದನ್ನು ಬರೆಯೋನು ಯಾವನೋ ಮನೇಲಿ ಅಮ್ಮ, ಅಕ್ಕ ಯಾರೂ ಇಲ್ಲದೇ ಇರೋನು ಇರ್ಬೇಕು ಮೇಡಂ. ಹೆಂಗಸರು ಹೇಗಿರ್ತಾರೆ ಅಂತಾನೇ ಗೊತ್ತಿಲ್ಲದೆ ಗೀಚ್ತಾ ಇದ್ದಾನೆ."

ಹೆಂಗಸು ಬಾಯಿ ಮುಕ್ಕಳಿಸಿದಳು. ತುಟಿ ಒರೆಸಿಕೊಂಡಳು. "ಗೀಚ್ತಾ ಇರೋದು ನಾನೇ ಡಾಕ್ಟ್ರೇ" ಅಂದಳು.

ಬೇರೆ ಯಾರಾದರೂ ಆಗಿದ್ದರೆ ತಪ್ಪಾಯಿತು ಎಂದು ಹಲ್ಲು ಕಿರಿದು ಮಾತು ಮುಗಿಸುತ್ತಿದ್ದರು. ನಮ್ಮ ಡಾಕ್ಟರೂ ಒಂದು ಕ್ಷಣ ಬೆವರಿದರು. ಆದರೆ ಅಭಿಮಾನ ಎಂಬುದು ಸಂಕೋಚಕ್ಕಿಂತ ದೊಡ್ಡ ರೋಗ. ಸಾಕ್ಷಾತ್ ಸೃಷ್ಟಿಕರ್ತೆಯೇ ಕುರ್ಚಿಯಲ್ಲಿ ಸಿಕ್ಕಿಬಿದ್ದಿದ್ದಾಳೆ, ಅದೂ ಅರ್ಧ ಬಾಯಿ ಮರಗಟ್ಟಿ. ಉಲ್ಕಾವೀರನಿಗೂ ಏನಾದರೂ ಕೆಲಸ ಬೇಕಲ್ಲ, ಅದಕ್ಕೇ ಆ ಬಾಟಲಿ ಎಂದು ಅವಳು ತೊದಲಿದ್ದನ್ನು ಅವರು ಕಿವಿಗೇ ಹಾಕಿಕೊಳ್ಳಲಿಲ್ಲ. ಸಿಡಿಲಕ್ಕನಿಗೆ ಅವಳ ಹಳೆಯ ಗತ್ತು ವಾಪಸು ಕೊಡಿ, ಸರಿಸಮನಾದ ಒಬ್ಬ ಖಳನನ್ನು ಕೊಡಿ, ಆ ಖಳ ಆಕಾಶದಿಂದ ಇಳಿದವನಾಗಿರದೆ ನಾವು ದಿನಾ ನೋಡುವಂಥ ಮನುಷ್ಯನಾಗಿರಲಿ ಎಂದು ವಾದ ಮಂಡಿಸಿದರು. ಹೊರಗೆ ಕಾಯುತ್ತಿದ್ದವರಲ್ಲಿ ಇಬ್ಬರು ಎದ್ದು ಹೋದರು.

"ಎಂಥ ಮನುಷ್ಯ?" ಎಂದು ಅವಳು ಕೇಳಿದಳು.

"ಯಾರಾದ್ರೂ ಸರಿ ಮೇಡಂ. ನಿಮ್ಮ ಕಣ್ಣೆದುರಿಗೆ ಇರೋರನ್ನೇ ನೋಡಿ ಬರೀರಿ."

ಅವಳು ಅವರನ್ನೇ ಸ್ವಲ್ಪ ಹೊತ್ತು ನೋಡಿದಳು. ಹೋಗುವಾಗ ಡಾಕ್ಟರ ಹೆಂಡತಿಯ ಜೊತೆ ಬಹಳ ಹೊತ್ತು ಮಾತಾಡಿದಳು. ಇಬ್ಬರೂ ನಗುವುದು ಒಳಗೆ ಕೇಳಿಸಿತು. ತಮ್ಮ ಕೈಗುಣದ ವಿಷಯವಿರಬೇಕೆಂದು ಡಾಕ್ಟರು ಹಿಗ್ಗಿದರು.

ಕೆಲವು ವಾರಗಳ ಮೇಲೆ ಅವಳಿಂದ ಫೋನ್ ಬಂತು. ನೀವು ಕೇಳಿದ ಖಳ ಈ ಶನಿವಾರ ಬರುತ್ತಾನೆ ಅಂದಳು. ಡಾಕ್ಟರು ಆ ಸುದ್ದಿಯನ್ನು ಕುರ್ಚಿಗೆ ಬಂದ ಪ್ರತಿಯೊಂದು ಬಾಯಿಗೂ ಹಾಕಿದರು. ಧಾರಾವಾಹಿ ಬರೆಯುವವರು ನನ್ನ ಪೇಷಂಟು, ನನ್ನ ಸಲಹೆಯಂತೆಯೇ ಕತೆ ತಿರುಗುತ್ತಿದೆ ಎಂದು ಸಾರಿ, ಅಕ್ಕಪಕ್ಕದ ಮನೆಯವರನ್ನೂ ಕರೆದು ಟೀವಿಯ ಮುಂದೆ ಕೂರಿಸಿಕೊಂಡರು.

ಖಳ ಬಂದ. ಬಿಳಿ ಕೋಟು, ಹಣೆಗೊಂದು ದೀಪ. ಊರಿನ ಗಂಡುಗಲಿಗಳನ್ನೆಲ್ಲ ಕುರ್ಚಿಯಲ್ಲಿ ಮಲಗಿಸಿ, ಬಾಯಿ ತೆಗೆಸಿ, ಮಾತಾಡತೊಡಗುತ್ತಿದ್ದ. ಅಷ್ಟೇ ಅವನ ಅಸ್ತ್ರ. ನೋವಾದರೆ ಕೈ ಎತ್ತಿ ಎನ್ನುತ್ತಿದ್ದ. ಅವರು ಎತ್ತಿದರೆ ಮಾತಿನ ಭರದಲ್ಲಿ ನೋಡುತ್ತಿರಲಿಲ್ಲ. ಎತ್ತಿದ ಕೈ ಎತ್ತಿದಂತೆಯೇ ಜನ ಸಾಲುಸಾಲಾಗಿ ಕಲ್ಲಾಗುತ್ತಿದ್ದರು. ಉಲ್ಕಾವೀರ ಎರಡೇ ವಾಕ್ಯಕ್ಕೆ ಮಕಾಡೆ ಬಿದ್ದ, ಕೂದಲು ಕೆದರಿತು. ಅತ್ತೆಯವರು ಹೌಹಾರಿದರು.

ಆಗ ಬಾಗಿಲು ತೆರೆದು ಸಿಡಿಲಕ್ಕ ಬಂದಳು. ಗುಡುಗಲಿಲ್ಲ, ಹಾರಲಿಲ್ಲ. ಸೊಂಟದ ಮೇಲೆ ಕೈಯಿಟ್ಟು, "ಸಾಕು ಮಾಡ್ರೀ, ಹೊರಗಡೆ ಜನ ಕಾಯ್ತಾ ಇದ್ದಾರೆ" ಅಂದಳು. ಖಳನ ಹಣೆಯ ದೀಪ ಆರಿತು. ಊರಿಗೆ ಊರೇ ಬಾಯಿ ಮುಚ್ಚಿ ಎದ್ದು ಕೂತಿತು.

ಆ ದನಿ, ಆ ನಿಲುವು, ಆ ಮಾತು ಕ್ಲಿನಿಕ್ಕಿನ ಬಾಗಿಲಲ್ಲಿ ದಿನಾ ಕಂಡು ಕೇಳುವಂಥವೇ. ಬಂದವರೆಲ್ಲ ಚಪ್ಪಾಳೆ ತಟ್ಟಿದರು. ಹೆಂಡತಿ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು, ಭುಜ ಮಾತ್ರ ಕುಣಿಯುತ್ತಿತ್ತು.

"ಇಂಥ ಮನುಷ್ಯ ಎಲ್ಲಾದ್ರೂ ಇರ್ತಾನಾ ಅತ್ತೆ?" ಎಂದು ಡಾಕ್ಟರು ಕೇಳಿದರು. ನೆರೆಯವರೆಲ್ಲ ಚಾವಣಿ ನೋಡಿದರು.

"ನೀವು ಹೇಳ್ತಿದ್ದದ್ದು ಸರಿ ಅಳಿಯಂದಿರೇ" ಅಂದರು ಅತ್ತೆ. "ಇವತ್ತು ಪಾತ್ರಗಳು ಜೀವ ತುಂಬ್ಕೊಂಡು ಬಂದಿದ್ವು."

ಎಲ್ಲರೂ ಹೋದ ಮೇಲೆ ಡಾಕ್ಟರು ಅಡುಗೆಮನೆಯ ಬಾಗಿಲಲ್ಲಿ ನಿಂತು, ನಾನು ನಿಜವಾಗಿಯೂ ಅಷ್ಟು ಮಾತಾಡುತ್ತೇನಾ ಎಂದು ಹೆಂಡತಿಯನ್ನು ಕೇಳಿದರು. ಅವಳು ತಟ್ಟೆ ಒರೆಸುತ್ತಾ, "ನಿಮ್ಮ ಕೈ ಬಹಳ ಹಗುರ ರೀ. ಅದು ಜನಕ್ಕೆ ಗೊತ್ತಾಗೋದಕ್ಕೆ ನಿಮ್ಮ ಬಾಯಿ ಅವಕಾಶ ಕೊಡಬೇಕಲ್ಲ" ಅಂದಳು. ಡಾಕ್ಟರಿಗೆ ನಾಟಿತು. ಇನ್ನು ಕೆಲಸದ ಹೊತ್ತಿನಲ್ಲಿ ತುಟಿ ಬಿಚ್ಚುವುದಿಲ್ಲ ಎಂದು ಅಲ್ಲೇ ಶಪಥಗೈದರು.

ಟೀವಿಯ ಖಳ ಯಾರೆಂಬ ಸುದ್ದಿ ನೆರೆಯವರ ಬಾಯಿಂದ ಊರೆಲ್ಲ ಹಬ್ಬಿ, ಸೋಮವಾರ ಕ್ಲಿನಿಕ್ಕಿನಲ್ಲಿ ಕೂರಲು ಜಾಗವಿರಲಿಲ್ಲ. ಹೆಂಡತಿ ಮನೆಯಿಂದ ಕುರ್ಚಿ ತರಿಸಿದಳು. ಮೊದಲು ಒಳಗೆ ಬಂದವರು ನಿವೃತ್ತ ರೈಲ್ವೆ ಗಾರ್ಡು. ಆಸೆಯಿಂದ ಬಾಯಿ ತೆರೆದು ಮಲಗಿದರು. ಡಾಕ್ಟರು ತುಟಿ ಬಿಗಿಹಿಡಿದು, ಹೂವಿನಷ್ಟು ಹಗುರವಾಗಿ ಹುಳುಕು ತೆಗೆದು, ಸಿಮೆಂಟು ತುಂಬಿ, ನಮಸ್ಕಾರ ಮಾಡಿ ಕಳಿಸಿದರು.

ಗಾರ್ಡು ಸಪ್ಪೆ ಮೋರೆ ಹಾಕಿಕೊಂಡು ಹೊರಬಂದು, ಡಾಕ್ಟರ ಹೆಂಡತಿಯ ಮೇಜಿನ ಮುಂದೆ ನಿಂತರು.

"ಎರಡು ಬಸ್ ಬದಲಾಯಿಸಿ ಬಂದಿದ್ದೆ ಕಣಮ್ಮ. ಟೀವೀಲಿ ಎಷ್ಟು ಚೆನ್ನಾಗಿದ್ರು. ಇಲ್ಲಿ ನೋಡಿದ್ರೆ ಒಂದು ಮಾತೂ ಇಲ್ಲ. ಪಾತ್ರಾನ ಪೂರ್ತಿ ಕೆಡಿಸಿಬಿಟ್ಟಿದ್ದಾರೆ."