ಚುಚ್ಚಿದ ಕರ್ಜಿಕಾಯಿ

ನಮ್ಮ ಮಾವನ ಮೂಗಿಗೆ ಸರಕಾರ ಒಂದು ನೌಕರಿ ಕೊಡಬೇಕಿತ್ತು. ಹರಿಯಬ್ಬೆಯಲ್ಲಿ ಕುರಿ ಕಾಯುತ್ತಿದ್ದ ನನ್ನ ಹೆಂಡತಿಯ ಅಪ್ಪ, ಕಣ್ಣು ಮುಚ್ಚಿಕೊಂಡು ಮರಿಯ ನೆತ್ತಿ ಮೂಸಿ ಅದರ ತಾಯಿ ಯಾವುದೆಂದು ಹೇಳುತ್ತಿದ್ದರಂತೆ. ಹಾಗೆಂದು ಹೇಳಿದವರು ಅವರೇ. ಕುರಿಗಳನ್ನು ಯಾರೂ ಕೇಳಿದಂತಿಲ್ಲ.

ಆ ಮೂಗು ಹಿರಿಯೂರಿನ ನಮ್ಮ ಮನೆಗೆ ಬಂದದ್ದು ನನ್ನ ಮಗಳ ದೆಸೆಯಿಂದ. ಆರು ವರ್ಷದ ಕೂಸು, ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗಡಿಗೆ. ತಿಂದದ್ದು ಮೈಗೆ ಹತ್ತುತ್ತಿರಲಿಲ್ಲ. ದುರ್ಗದ ಡಾಕ್ಟರು, "ಗೋಧಿ ಇವಳಿಗೆ ವಿಷ, ಚೂರೂ ಕೊಡಬೇಡಿ" ಎಂದುಬಿಟ್ಟರು. ಎಪ್ಪತ್ತರ ದಶಕದ ಆ ವರ್ಷಗಳಲ್ಲಿ ಗೋಧಿ ಎಲ್ಲಿರಲಿಲ್ಲ ಹೇಳಿ? ರೇಷನ್ ಅಂಗಡಿಯಲ್ಲಿ ಗೋಧಿ, ಶಾಲೆಯ ಉಪ್ಪಿಟ್ಟಿನಲ್ಲಿ ಗೋಧಿ, ಗಿರಣಿಯ ಗಾಳಿಯಲ್ಲೂ ಗೋಧಿ. ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಇಳಿದವನು. ನಾನು ಕಟ್ಟಿದ ಗೋಡೆ ಒಂದೂ ಬಿರುಕು ಬಿಟ್ಟಿಲ್ಲ. ಆದರೆ ಮಗಳ ಎಲುಬಿಗೆ ಒಂದು ಹಿಡಿ ಮಾಂಸ ಮೆತ್ತಲು ನನ್ನಿಂದಾಗಲಿಲ್ಲ.

ಮಾವ ಬಸ್ಸಿನ ಮೇಲೆ ಬೀಸುವ ಕಲ್ಲು ಹೇರಿಕೊಂಡು ಬಂದಿಳಿದರು. "ಗಿರಣಿ ಹಿಟ್ಟು ಇನ್ನ ಈ ಮನಿಗೆ ಬರಂಗಿಲ್ಲ ಅಳಿಯಂದ್ರೆ" ಎಂದು ಬಾಗಿಲಲ್ಲೇ ಕುಳಿತರು. ಬಂದವರ ಚೀಲ ಮೂಸಿದರು. ನನ್ನ ಕೈಯನ್ನೂ ಬಿಡಲಿಲ್ಲ.

"ಹೋಟ್ಲಾಗೆ ಪೂರಿ ತಿಂದೀರಿ. ಹೋಗ್ರಿ, ಕೈ ತೊಳ್ಕಂಡು ಬರ್ರಿ."

ನಾನೇ ಕಟ್ಟಿದ ಮನೆ. ನಾನೇ ಹೊರಗೆ.

ಗೌರಿ ಹಬ್ಬಕ್ಕೆ ಪಕ್ಕದ ಮನೆಯ ನಿಂಗಮ್ಮ ಒಂದು ತಟ್ಟೆ ಕರ್ಜಿಕಾಯಿ ತಂದಳು. ಬಂದ ತಟ್ಟೆಯನ್ನು ಖಾಲಿ ಕಳಿಸುವುದೇ ನಮ್ಮಲ್ಲಿ ಅವಮರ್ಯಾದೆ. ಮಾವ ಮೂಸಿ, ತುಂಬಿದ ತಟ್ಟೆಯನ್ನೇ ಹಿಂದಕ್ಕೆ ಕೊಟ್ಟರು. ಕಾರಣ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಹೋಗಿಯಾಗಿತ್ತು. ಅಂದಿನಿಂದ ನಲ್ಲಿಯ ಹತ್ತಿರವೂ ಮಾತಿಲ್ಲ.

ಅದನ್ನು ಬಾಗಿಲ ಸಂದಿನಿಂದ ನೋಡಿದ್ದ ಮಗಳು ನಾಲ್ಕಾರು ದಿನ ಬಿಟ್ಟು ಕೇಳಿದಳು, "ಅಜ್ಜ, ಕರ್ಜಿಕಾಯಿ ಒಳಗೆ ಏನಿರತೈತೆ?"

ಮಾವ ಎದ್ದು ಅಡುಗೆಮನೆಗೆ ಹೋದರು. ಹುಟ್ಟಿದಾರಭ್ಯ ಒಲೆಗೆ ಬೆನ್ನು ಕೊಟ್ಟು ಕೂತವರು!

ಅಕ್ಕಿಹಿಟ್ಟಿಗೆ ನವಣೆಹಿಟ್ಟು ಸೇರಿಸಿ ಕಲಸಿದರೆ, ಮಡಿಸುವಾಗಲೇ ಒಡೆಯಿತು. ಮುದ್ದೆಯ ಹಾಗೆ ಕುದಿನೀರಲ್ಲಿ ತೊಳಸಿ ಲಟ್ಟಿಸಿದರೆ ಮಡಿಕೆಯೇನೋ ನಿಂತಿತು. ಎಣ್ಣೆಗೆ ಬಿದ್ದದ್ದೇ ಉಬ್ಬಿ ಢಬ್ಬೆಂದಿತು. ಒಳಗಿದ್ದ ಕೊಬ್ಬರಿ, ಹುರಿಗಡಲೆ ಪುಡಿ ಎಲ್ಲ ನಾನು ಸುಣ್ಣ ಬಳಿದ ಗೋಡೆಯ ಮೇಲೆ.

"ಅಪ್ಪ, ಸಾಕು ಬಿಡು. ಇದು ಅವಳ ಹಣೇಲಿ ಬರ್ದಿಲ್ಲ" ಎಂದು ನನ್ನ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೂ ಹಾಗೇ ಅನಿಸಿತ್ತು.

ಮಾವ ಒಡೆದ ಕರ್ಜಿಕಾಯಿಯನ್ನು ಅಂಗೈಯಲ್ಲಿಟ್ಟು ನೋಡಿದರು. "ಇದಕ್ಕೂ ಹೊಟ್ಟೆ ಉಬ್ಬರ ಕಣವ್ವ."

ಕಂಬಳಿಯ ಅಂಚಿಗೆ ಸಿಕ್ಕಿಸಿದ್ದ ದಬ್ಬಳ ಕಿತ್ತರು. ಹೊಟ್ಟೆ ಉಬ್ಬಿದ ಕುರಿಯ ಪಕ್ಕೆಗೆ ಚುಚ್ಚಿ ಗಾಳಿ ಬಿಡುವುದು ಕುರಿಯವರ ಕೊನೆಯ ಮದ್ದು.

"ಚುಚ್ಚಿದ ಕುರಿ ಬದುಕ್ತಿದ್ವಾ ಮಾವ?"

"ಕೆಲವು."

ದಬ್ಬಳವನ್ನು ಕುದಿನೀರಲ್ಲಿ ಅದ್ದಿ ತೆಗೆದು, ಒಂದೊಂದು ಕರ್ಜಿಕಾಯಿಗೂ ಚುಚ್ಚಿ ಎಣ್ಣೆಗೆ ಬಿಟ್ಟರು. ನಾನು ಕಣ್ಣು ಮುಚ್ಚಿಕೊಂಡೆ. ಸದ್ದಿಲ್ಲ. ತೆರೆದಾಗ ಬಾಣಲೆಯಲ್ಲಿ ಕರ್ಜಿಕಾಯಿಗಳು ಇಡಿಯಾಗಿ ತೇಲುತ್ತಿದ್ದವು. ಸೊಟ್ಟಗಿದ್ದವು, ಕಪ್ಪಗಿದ್ದವು, ಆದರೆ ಇಡಿಯಾಗಿದ್ದವು.

ಮಗಳು ಒಂದನ್ನು ಮುರಿದು ಒಳಗೆ ಇಣುಕಿದಳು. ತಿಂದಳು. ಆಮೇಲೆ ಮಿಕ್ಕಿದ್ದರಲ್ಲಿ ನಾಲ್ಕನ್ನು ತಟ್ಟೆಗೆ ಹಾಕಿಕೊಂಡು, ನಾನು ತಡೆಯುವ ಮೊದಲೇ ನಿಂಗಮ್ಮನ ಮನೆಗೆ ಓಡಿದಳು. ಬೀದಿಯಲ್ಲಿ ಅವಳು ಯಾರಿಗಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು.

ಸ್ವಲ್ಪ ಹೊತ್ತಿಗೆ ನಿಂಗಮ್ಮ ನನ್ನ ಮಗಳ ಕೈಹಿಡಿದು ಬಂದಳು. ತಟ್ಟೆಯಲ್ಲಿ ಒಂದು ಉಂಡೆ ಬೆಲ್ಲ.

"ಕೂಸು ಎಲ್ಲಾ ಹೇಳ್ತು. ಬೆಲ್ಲ ಕಣ್ರಿ ಯಜಮಾನ್ರೆ. ಬೇಕಾದ್ರೆ ಮೂಸ್ರಿ."

ಮಾವ ತಟ್ಟೆಯನ್ನು ಮೂಗಿನವರೆಗೆ ಎತ್ತಿದರು. ಯಾಕೋ ಹಾಗೇ ಇಳಿಸಿ ಮೊಮ್ಮಗಳ ಕೈಗೆ ಕೊಟ್ಟರು.

"ಬಾರವ್ವ, ಕುಂತ್ಕ" ಎಂದು ನಿಂಗಮ್ಮನಿಗೆ ಹೇಳಿ, ಕೂಸನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡು, ಕಣ್ಣು ಮುಚ್ಚಿ ಅದರ ನೆತ್ತಿಯನ್ನು ಬಹಳ ಹೊತ್ತು ಮೂಸಿದರು.